ಮೊದಲ ಎಪ್ಪತ್ತೈದು ರೂಪಾಯಿ

ನಡುವಟ್ಟಂ ಕೆಳಗಿನ ತಿರುವಿನಲ್ಲಿ ಟೀ ಎಸ್ಟೇಟಿನ ದೊರೆಯ ಕಾರು ಎದುರಾದಾಗ ಮಾದನ್ ತನ್ನ ಬಾಡಿಗೆ ಕಾರನ್ನು ಆಗಲೇ ಬೆಟ್ಟದ ಮೈಗೆ ಒತ್ತಿ ನಿಲ್ಲಿಸಿದ್ದ. ಘಾಟಿಯಲ್ಲಿ ಏರುವವನಿಗೆ ಇಳಿಯುವವನು ದಾರಿ ಬಿಡಬೇಕು. ದೊರೆ ಬಿಡಲಿಲ್ಲ. ಒಳ್ಳೆಯ ಬಿಸಿಲಿನಲ್ಲೇ ತಿರುವನ್ನು ಅಡ್ಡ ಹಾಯ್ದು ಬಂದು ಹಿಂದಿನ ಬಾಗಿಲಿಗೆ ಗುದ್ದಿದ. ಆ ಬಾಗಿಲ ಪಕ್ಕ ಕೂತಿದ್ದ ಭಾಗೀರಥಿಯ ಬಲಗೈ ತಗಡಿನ ನಡುವೆ ಸಿಕ್ಕಿಕೊಂಡಿತು. ಗೂಡಲೂರು ಬಜಾರಿನಲ್ಲಿ ಹೊಲಿಗೆ ಮೆಷಿನ್ನಿನ ಹಿಡಿ ತಿರುಗಿಸಿ ಬದುಕುವ ಹೆಂಗಸು. ಬಟ್ಟೆ ಕೊಳ್ಳಲು ಊಟಿಗೆ ಹೊರಟಿದ್ದಳು. ದೊರೆ ಇಳಿದು ತನ್ನ ಕಾರಿನ ದೀಪ ಒಡೆದಿದೆಯೇ ಎಂದು ನೋಡಿದ. "ಎಸ್ಟೇಟ್ ಆಫೀಸಿಗೆ ಬಾ" ಎಂದ. ಹೊರಟುಹೋದ.

ಆ ಕಾರನ್ನು ಮಾದನ್ ಮತ್ತು ಅವನ ಅಣ್ಣತಮ್ಮಂದಿರು ಆಲೂಗಡ್ಡೆ ಬೆಳೆದು ಕೂಡಿಟ್ಟ ಹಣವನ್ನೆಲ್ಲ ಸುರಿದು ಕೊಂಡಿದ್ದರು. ಹಟ್ಟಿಗೆ ಅದೇ ಮೊದಲ ಕಾರು. ಇನ್ಶೂರೆನ್ಸ್ ಮಾಡಿಸಿದ್ದ ಏಜೆಂಟ್ ಬಾಲಸುಬ್ರಮಣಿಯನ್ ಊಟಿಯ ವರ್ಕ್‌ಶಾಪಿಗೆ ಬಂದು ನಜ್ಜುಗುಜ್ಜಾದ ಬಾಗಿಲನ್ನು ನೋಡಿದ.

"ರಿಪೇರಿ ಖರ್ಚು ಕಂಪೆನಿ ಕೊಡುತ್ತೆ. ಆದರೆ ಮೊದಲ ಎಪ್ಪತ್ತೈದು ರೂಪಾಯಿ ನೀವೇ ಕಟ್ಟಬೇಕು."

"ಎನ್ನ ತಪ್ಪು ಇಲ್ಲೆ, ಸಾಮಿ. ನಾ ನಿಂತಿದ್ದೆ. ಅವರೇ ಬಂದು ಗುದ್ದಿದ್ದು."

"ತಪ್ಪು ಯಾರದ್ದೇ ಆಗಲಿ, ಅದು ಪಾಲಿಸಿಯ ಕರಾರು. ಗುದ್ದಿದವರ ಕೈಯಿಂದ ನೀವು ವಸೂಲು ಮಾಡಿಕೊಳ್ಳಿ. ಅದಕ್ಕೆ ನಿಮಗೆ ಪೂರಾ ಹಕ್ಕಿದೆ."

ಹಕ್ಕು ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಮಾದನ್ ಚೇರಂಬಾಡಿಯ ಎಸ್ಟೇಟ್ ಆಫೀಸಿಗೆ ಅಲೆದ. ಹೆಡ್ ಕ್ಲಾರ್ಕ್ ಮಹಾಲಿಂಗಂ ವೆರಾಂಡದಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದ. ಒಮ್ಮೆ ದೊರೆಗೆ ಜ್ವರ. ಇನ್ನೊಮ್ಮೆ ದೊರೆ ಮಸಿನಗುಡಿಗೆ ಶಿಕಾರಿಗೆ ಹೋಗಿದ್ದಾರೆ. ಇತ್ತ ತನ್ನ ಪಾಲಿನ ಹಣ ಕಟ್ಟದೆ ವರ್ಕ್‌ಶಾಪಿನವರು ಕಾರು ಬಿಡಲಿಲ್ಲ. ಬೇಸಿಗೆಯ ಸೀಸನ್ ಬಂತು. ಮೈಸೂರಿನಿಂದ, ಮದರಾಸಿನಿಂದ ಜನ ಬಂದಿಳಿದು ಬೇರೆಯವರ ಕಾರು ಹತ್ತಿದರು. ತಮ್ಮ ಮಾತು ಬಿಟ್ಟ. ಅಣ್ಣ ಬಿಡಲಿಲ್ಲ. "ರಸ್ತೆಲಿ ಅಷ್ಟು ಜಾಗ ಇದ್ದು, ನೀ ನಿಂತ ಜಾಗಗೇ ಅವ ಬಂದನಾ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ.

ಭಾಗೀರಥಿಯ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಬೆರಳು ಮಡಿಸಲು ಬರುತ್ತಿರಲಿಲ್ಲ. ಊಟಿಯ ವಕೀಲರೊಬ್ಬರು ಅವಳ ಪರವಾಗಿ ದೊರೆಯ ಮೇಲೆ ಪರಿಹಾರದ ದಾವೆ ಹಾಕಿದರು. ಸಾಕ್ಷಿಗೆ ಇದ್ದವನು ಮಾದನ್ ಒಬ್ಬನೇ.

"ನೀ ಕಂಡದ್ದ ಕಂಡ ಹಾಗೆ ಹೇಳಿದರೆ ಸಾಕಪ್ಪ" ಎಂದಳು ಅವಳು.

"ಹೇಳದೆ ಇದ್ದೇನಾ, ಅಕ್ಕ?" ಎಂದ ಮಾದನ್.

ದಾವೆಯ ನೋಟೀಸು ಎಸ್ಟೇಟಿಗೆ ಮುಟ್ಟಿದ ಮೇಲೆ ಮಹಾಲಿಂಗಂ ತಾನೇ ಆಳು ಕಳಿಸಿ ಮಾದನ್‌ನನ್ನು ಕರೆಸಿದ. ಈ ಸಲ ಒಳಗೆ ಕುರ್ಚಿ ಹಾಕಿಸಿದ, ಕಾಫಿ ತರಿಸಿದ. ಮೇಜಿನ ಮೇಲೆ ನೋಟುಗಳನ್ನಿಟ್ಟು, ಪಕ್ಕದಲ್ಲಿ ಒಂದು ಹಾಳೆ ಇಟ್ಟ.

"ನಿನ್ನ ಎಪ್ಪತ್ತೈದು. ಒಂದು ಸೈನು ಹಾಕಿ ತಗೊಂಡು ಹೋಗಪ್ಪಾ."

"ಏನ ಬರೆದಿದೆ, ಐಯಾ?"

"ಏನಿಲ್ಲ. ಆ ದಿನ ಮಂಜು ಬಿದ್ದಿತ್ತು, ಒಬ್ಬರಿಗೊಬ್ಬರು ಕಾಣಲಿಲ್ಲ, ಯಾರ ತಪ್ಪೂ ಇಲ್ಲ ಅಂತ."

"ಮಂಜು ಎಲ್ಲಿತ್ತು? ಸುಡುಬಿಸಿಲು!"

ಮಹಾಲಿಂಗಂ ನಕ್ಕ. "ನಡುವಟ್ಟದಲ್ಲಿ ಮಂಜು ಇರಲಿಲ್ಲ ಅಂದರೆ ಯಾವ ಜಡ್ಜಿ ನಂಬುತ್ತಾನೆ?"

"ಹಂಗಾದರೆ ಆ ಅಕ್ಕನ ಕೈ?"

"ಅವಳ ಕೈ ಅವಳ ವಕೀಲನ ಪಾಡು. ನಿನ್ನ ಕಾರು ನಿನ್ನ ಪಾಡು. ಇಲ್ಲೆ ಅಂದರೆ ನೀನೂ ಕೋರ್ಟಿಗೆ ಹೋಗು. ವರ್ಷ ಎರಡು ವರ್ಷ ಆಗಲಿ. ಅಷ್ಟರಲ್ಲಿ ಕಾರಿನ ಟೈರಲ್ಲಿ ಹುಲ್ಲು ಬೆಳೆಯುತ್ತೆ."

ಮಾದನ್ ಎದ್ದು ಬಾಗಿಲ ತನಕ ಹೋದ. ಹೊರಗೆ ಕೊಳುಂದು, ಟೀಯ ಎಳೆ ಚಿಗುರು, ಕೀಳುವ ಹೆಂಗಸರು ತೂಕಕ್ಕೆ ಸಾಲು ನಿಂತಿದ್ದರು. ಯಾರೂ ಅವನತ್ತ ನೋಡಲಿಲ್ಲ. ಅವನು ತಿರುಗಿ ಬಂದು ಸೈನು ಹಾಕಿದ. ಕಾಫಿ ಕುಡಿಯಲಿಲ್ಲ.

ಕಾರು ಹೊಸ ಬಣ್ಣ ಬಳಿದುಕೊಂಡು ಹೊರಬಂತು. ಅಣ್ಣ ಅದರ ಮೂತಿಗೆ ವಿಭೂತಿ ಹಚ್ಚಿ, "ಗೆದ್ದು ಬಂದೆ ಬಿಡು" ಎಂದ. ಮಾದನ್ ಗೂಡಲೂರಿನ ಬಾಡಿಗೆಗೆ ಹೋಗುವುದನ್ನು ತಪ್ಪಿಸಿದ. ಆದರೆ ಎಷ್ಟು ದಿನ? ಒಂದು ಬೆಳಿಗ್ಗೆ ಗೂಡಲೂರು ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಭಾಗೀರಥಿ ಬಂದು, ಅವನು ಇಳಿಯುವ ಮೊದಲೇ ತಾನೇ ಬಾಗಿಲು ತೆಗೆದು ಹತ್ತಿದಳು. ವಕೀಲರು ಬರಹೇಳಿದ್ದಾರೆ, ಯಾಕೆಂದು ತಿಳಿಯದು ಎಂದಳು. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಎಡಗೈಯಲ್ಲಿ ಹಿಡಿ ತಿರುಗಿಸಲು ಕಲಿಯುತ್ತಿದ್ದಾಳಂತೆ. ಬಟ್ಟೆ ಹಿಡಿಯಲು ಬಲಗೈ ಬಾರದಂತೆ. ಮಾದನ್ ಹೂಂಗುಟ್ಟಿದ. ಹೇಳಿಬಿಡಬೇಕು ಎಂದು ಪೈಕಾರದಲ್ಲಿ ಒಮ್ಮೆ ಕಾರು ನಿಲ್ಲಿಸಿದ. ರೇಡಿಯೇಟರಿಗೆ ನೀರು ಹಾಕಿ ಮತ್ತೆ ಹತ್ತಿದ.

ಊಟಿಯಲ್ಲಿ ವಕೀಲರ ಮನೆಯ ಮುಂದೆ ಅವಳು ಇಳಿದಳು. ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಎಡಗೈಯಲ್ಲಿ ಬಾಡಿಗೆ ಚಾಚಿದಳು.

"ಬೇಡ, ಅಕ್ಕ. ನಿನ್ನ ಕೈಯಿಂದ ನಾ ಈಸಿಕೊಳ್ಳುವದಿಲ್ಲೆ."

"ಹಿಡಿಯಪ್ಪ" ಎಂದು ಅವಳು ಕಾಸನ್ನು ಅವನ ಅಂಗೈಗೊತ್ತಿದಳು. "ದೊರೆ ಮಾಡಿದ್ದಕ್ಕೆ ನೀ ಯಾಕೆ ದಂಡ ತೆರಬೇಕು?"