ರದ್ದು ಮಾಡಲು ಕಾರಣ

“ನಲವತ್ತು ವರ್ಷ ಕೈಗಡಿಯಾರ ರಿಪೇರಿಯಲ್ಲಿ ತಿರುಪು ಹುಡುಕಿದ ಕಣ್ಣು ಕಣಮ್ಮ ಇದು. ರದ್ದು ಮಾಡೋ ಗುಂಡಿ ಮಾತ್ರ ಎಲ್ಲಿದೆಯೋ, ಸಿಗ್ತಾ ಇಲ್ಲ,” ಎನ್ನುತ್ತ ಆ ಹಿರಿಯರು ತಮ್ಮ ಫೋನನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದವಳ ಮುಂದೆ ಹಿಡಿದರು. ಆಸ್ಪತ್ರೆಯ ಕೌಂಟರಿನವಳು ಆಗಲೇ ಎರಡು ಸಲ ಅವರನ್ನು ಹಿಂದಕ್ಕೆ ಕಳಿಸಿದ್ದಳು. ಅಪಾಯಿಂಟ್‌ಮೆಂಟನ್ನು ವೆಬ್‌ಸೈಟಿನಲ್ಲೇ ರದ್ದು ಮಾಡಬೇಕಂತೆ, ಇಲ್ಲಿ ಆಗುವುದಿಲ್ಲವಂತೆ.

ಫೋನು ತೆಗೆದುಕೊಳ್ಳಲು ಅವಳಿಗೆ ಕೈ ಬರಲಿಲ್ಲ. ಆ ಪುಟವನ್ನು ರೂಪಿಸಿದವಳು ಅವಳೇ. ರದ್ದು ಮಾಡುವವರು ಕಡಿಮೆಯಾಗಬೇಕು ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ, ಗುಂಡಿಯನ್ನು ಪುಟದ ತಳಕ್ಕೆ ತಳ್ಳಿ, ಬಿಳಿಯ ಮೇಲೆ ತೆಳು ಬೂದು ಅಕ್ಷರದಲ್ಲಿ ಕಂಡೂ ಕಾಣದ ಹಾಗೆ ಇಟ್ಟಿದ್ದಳು. ಸಂಖ್ಯೆ ಅರ್ಧಕ್ಕಿಳಿದಿತ್ತು. ಬೆನ್ನು ತಟ್ಟಲೆಂದೇ ಇವತ್ತು ಅವಳನ್ನು ಮೇಲಿನ ಮಹಡಿಗೆ ಕರೆಸಿದ್ದರು.

ಅಪಾಯಿಂಟ್‌ಮೆಂಟ್ ಇದ್ದದ್ದು ನಾಳೆಗೆ, ಅವರ ಹೆಂಡತಿಯ ಹೆಸರಿನಲ್ಲಿ. ರದ್ದು ಯಾಕೆ, ಬೇರೆ ದಿನಕ್ಕೆ ಹಾಕಿಸಿಕೊಳ್ಳಬಹುದಲ್ಲ ಎಂದು ಅವಳು ಕೇಳಿದಳು.

“ಅವಳು ತೀರಿಕೊಂಡು ಒಂಬತ್ತು ದಿನ ಆಯ್ತಮ್ಮ,” ಎಂದರು ಅವರು, ಬಸ್ಸಿನ ವೇಳೆ ಹೇಳುವಷ್ಟೇ ಸಹಜವಾಗಿ. “ಈ ಡಾಕ್ಟರಿಗೋಸ್ಕರ ನಾವು ಎರಡು ತಿಂಗಳು ಕಾದಿದ್ವಿ. ಈಗಲೂ ನಮ್ಮ ಹಾಗೇ ಯಾರೋ ಕಾಯ್ತಿರ್ತಾರೆ. ಇವತ್ತು ಬಿಟ್ಟುಕೊಟ್ರೆ ನಾಳೆ ಅವರಾದ್ರೂ ಬರಬಹುದು.”

ಅವಳು ಫೋನು ತೆಗೆದುಕೊಂಡಳು. ಬೆರಳು ಹುಡುಕದೆ ನೇರವಾಗಿ ಆ ಗುಂಡಿಯ ಜಾಗಕ್ಕೇ ಹೋಯಿತು. ನಿಮ್ಮ ಕಣ್ಣು ಬಲು ಚುರುಕು ಎಂದು ಹಿರಿಯರು ಮೆಚ್ಚಿಕೊಂಡರು. ಅವಳು ತಲೆ ಎತ್ತಲಿಲ್ಲ.

ಮುಂದಿನ ಪುಟ ಕಾರಣ ಕೇಳಿತು. ಸಮಯವಿಲ್ಲ, ಬೇರೆ ವೈದ್ಯರನ್ನು ಆರಿಸಿಕೊಂಡಿದ್ದೇನೆ, ಗುಣವಾಗಿದೆ. ಮೂರರಲ್ಲಿ ಒಂದನ್ನು ಒತ್ತದೆ ಮುಂದೆ ಹೋಗುವ ಹಾಗಿಲ್ಲ. ಒಂದು ಮಧ್ಯಾಹ್ನ ಕಾಫಿ ಆರುವುದರೊಳಗೆ ಬರೆದು ಮುಗಿಸಿದ್ದ ಸಾಲುಗಳವು. ನಾಲ್ಕನೆಯದೊಂದು ಬೇಕಾದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ಮೂರನ್ನೂ ನಿಧಾನವಾಗಿ ಓದಿದರು. “ಸಮಯ ಇಲ್ಲ ಅಂದ್ರೆ ಸುಳ್ಳಾಗತ್ತೆ. ಡಾಕ್ಟರ ಮೇಲೆ ನಮಗೆ ಬೇಜಾರೂ ಇಲ್ಲ. ಗುಣವಾಗಿದೆ ಅಂತಲೇ ಒತ್ತಿಬಿಡಿ. ಈಗ ಅವಳಿಗೆ ನೋವಂತೂ ಇಲ್ಲ.”

ಒತ್ತಿದಳು. ಕಿವಿಯವರೆಗೂ ಬಿಸಿಯೇರಿತ್ತು. “ಇದನ್ನ ಮಾಡಿದವರು ಬೇಕಂತಲೇ ಹೀಗೆ ಮಾಡಿದಾರೆ ತಾತ,” ಎಂದಳು.

“ಬೇಕಂತ ಯಾರಾದ್ರೂ ಮಾಡ್ತಾರೇನಮ್ಮ? ಪಾಪ, ಗೊತ್ತಾಗಿರಲ್ಲ. ನಾನೂ ಎಷ್ಟೋ ಗಡಿಯಾರಕ್ಕೆ ತಪ್ಪು ಮುಳ್ಳು ಹಾಕಿ ಕಳಿಸಿದೀನಿ.”

ಅಪಾಯಿಂಟ್‌ಮೆಂಟ್ ರದ್ದಾಯಿತು. ಅದರ ಕೆಳಗೇ ಇನ್ನೊಂದು ಪ್ರಶ್ನೆ ಬಂದು ಕೂತಿತು: ನಮ್ಮ ಪುಟ ಬಳಸಲು ಎಷ್ಟು ಸುಲಭವಾಗಿತ್ತು? ಅದರ ಪಕ್ಕದಲ್ಲಿ ಐದು ಖಾಲಿ ನಕ್ಷತ್ರಗಳು. ಅದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ, ಬಿಟ್ಟುಬಿಡಿ ಎಂದು ಅವಳು ಫೋನು ಹಿಂತಿರುಗಿಸಿದಳು.

“ಛೆ, ಇಷ್ಟು ಹೊತ್ತು ಕೂತು ಮಾಡಿಕೊಟ್ರಲ್ಲ ನೀವು,” ಎಂದು ಹಿರಿಯರು ಒಂದೊಂದಾಗಿ ಐದನ್ನೂ ಒತ್ತಿದರು.