ಒಂದೇ ತೊಟ್ಟಿಯ ಬೇರುಗಳು

ಬಸ್ ಡಿಪೋದಲ್ಲಿ ದಿನವಿಡೀ ಕಸ ಗುಡಿಸಿ ಬಂದ ನೀಲವ್ವ, ಅಂಗಳದ ತೊಟ್ಟಿಯ ಗೊಬ್ಬರದ ನೀರಿಗೆ ಕಾಲಿಳಿಸಿ ಕೂತಳು. ಅವಳ ಹಿಮ್ಮಡಿಯ ಬೇರುಗಳು ಬಿಚ್ಚಿಕೊಂಡು, ಎದುರಿಗೆ ಕೂತಿದ್ದ ಮಗಳು ಸುಗಂಧೆಯ ಬೇರುಗಳಿಗೆ ಹೆಣೆದುಕೊಂಡವು. ಓಣಿಯಲ್ಲಿ ಎಲ್ಲರ ಊಟವೂ ಹೀಗೆಯೇ. ಮನೆಗೊಂದು ತೊಟ್ಟಿ, ಅದರಲ್ಲಿ ಮನೆಮಂದಿಯ ಕಾಲು.

ಮದ್ದು ಹೊಡೆಯುವ ಮಾಬುಬಿ ಬೆನ್ನಿಗೆ ಪಂಪು ಹೊತ್ತು ಬಂದಳು. ನೀಲವ್ವನ ಅಂಗೈ ತಿರುಗಿಸಿ ನೋಡಿದಳು. ನರಗಳಷ್ಟೇ ಹಸಿರು, ನಡುವೆಲ್ಲ ಹಳದಿ.

“ಹೋದ ವಾರನೂ ಮೈತುಂಬ ಮೆಗ್ನೀಷಿಯಂ ಹೊಡದಿದ್ನೆಲ್ಲ ಯಕ್ಕಾ. ಎಲ್ಲಿ ಹೋತದು?”

ಮಾಬುಬಿ ಸುಗಂಧೆಯ ಕಡೆ ನೋಡಿದಳು. ಹುಡುಗಿಯ ಕೆನ್ನೆ ಎಳೆ ಮೆಂತ್ಯ ಸೊಪ್ಪಿನಂತೆ ಹಸಿರಾಗಿ ಹೊಳೆಯುತ್ತಿತ್ತು.

“ಹಳೇ ಎಲಿ ತನ್ನ ಪಾಲಿಂದು ಎಳೀ ಎಲಿಗೆ ಕೊಡತೈತಿ. ಒಂದ ತೊಟ್ಟ್ಯಾಗ ಕಾಲಿಟ್ಟ ಮಂದೀದೂ ಹಂಗ. ನಾ ಎಷ್ಟ್ ಹೊಡದ್ರೂ ನಿನಗ ಉಳಿಯಂಗಿಲ್ಲ. ಬ್ಯಾರೆ ತೊಟ್ಟಿ ಮಾಡ್ಕೊ. ಇಲ್ಲಾಂದ್ರ ಉದುರಿ ಹೋಗ್ತಿ.”

“ಆತು, ಹೊಡಿ ಮಾಬುಬಿ. ನಿದ್ದಿ ಬರಾಕತ್ತೈತಿ.”

ಮಾಬುಬಿ ಅವಳ ತೋಳಿಗೂ ಬೆನ್ನಿಗೂ ಮದ್ದು ಸಿಂಪಡಿಸಿ ಮುಂದಿನ ಮನೆಗೆ ಹೋದಳು. ನೀಲವ್ವ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಅವ್ವನ ಉಸಿರು ನಿಧಾನವಾಗುವವರೆಗೆ ಸುಗಂಧೆ ಕಾದಳು. ಆಮೇಲೆ ತನ್ನ ಬೇರುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಕಾಲೆತ್ತಿ ಒಣ ಕಲ್ಲಿನ ಮೇಲಿಟ್ಟಳು.

ನೀಲವ್ವ ಕಣ್ಣು ತೆರೆಯಲಿಲ್ಲ. ಕೈ ಚಾಚಿ ಮಗಳ ಪಾದ ಹುಡುಕಿ ಹಿಡಿದು, ಮತ್ತೆ ನೀರಿಗೆ ಇಳಿಸಿದಳು.

“ಉಣ್ಣಾಗ ನಡುವ ಏಳಬಾರದು,” ಎಂದಳು.