ಶನಿವಾರದ ಹಾಯಿಕಂಬ

"ಸೇತುವೆ, ಸೇತುವೆ, ಸ್ವಲ್ಪ ದಾರಿ ಬಿಡ್ತೀರಾ?"

ವೈರ್‌ಲೆಸ್‌ನಲ್ಲಿ ಲೈಲ್‌ನ ಆ ಧ್ವನಿ ಕೇಳಿದ್ದೇ ತಡ, ಬೆರಿಲ್ ಕೈಚೀಲದಿಂದ ತುಟಿಬಣ್ಣ ತೆಗೆದಳು. ಹಚ್ಚಿಕೊಂಡ ಮೇಲೆಯೇ ಸೈರನ್ ಒತ್ತಿದ್ದು. ಕೆಳಗೆ ಅಡ್ಡಗೋಲುಗಳು ಇಳಿದವು. ಎರಡೂ ದಡದಲ್ಲಿ ಕಾರುಗಳು ಸಾಲುಗಟ್ಟಿದವು. ಕ್ಲಾರೆನ್ಸ್ ಹೊಳೆಯ ಮೇಲಿನ ಆ ಹಳೆಯ ಎತ್ತುಸೇತುವೆಯ ನಡುಭಾಗ ನರಳುತ್ತಾ ಮೇಲೆದ್ದಿತು. ಇಪ್ಪತ್ತು ವರ್ಷಗಳಿಂದ ಅದನ್ನು ಎತ್ತುವುದೂ ಇಳಿಸುವುದೂ ಅವಳದೇ ಕೆಲಸ. ಗೋಪುರದ ತುದಿಯ ಗಾಜಿನ ಗೂಡೇ ಅವಳ ಲೋಕ.

ಲೈಲ್‌ನ ದೋಣಿ ನಿಧಾನವಾಗಿ ಬಂತು. ಗೇಣುದ್ದದ ದೋಣಿಗೆ ಮುಗಿಲು ಮುಟ್ಟುವ ಹಾಯಿಕಂಬ. ಆ ಕಂಬಕ್ಕೆ ಹಾಯಿ ಕಟ್ಟಿದ್ದನ್ನು ಬೆರಿಲ್ ಒಮ್ಮೆಯೂ ಕಂಡವಳಲ್ಲ. ಬರುವುದೆಲ್ಲ ಡೀಸೆಲ್ ಎಂಜಿನ್ನಿನ ಮೇಲೆ. ಕಂಬ ಮಲಗಿಸಿದರೆ ಸೇತುವೆಯಡಿ ಬಾತುಕೋಳಿಯ ಹಾಗೆ ನುಸುಳಿ ಹೋಗಬಹುದು. ಮಲಗಿಸುವುದಿಲ್ಲ. ಮಲಗಿಸಿದರೆ ಸೇತುವೆ ಏಳುವುದಿಲ್ಲ. ಸೇತುವೆ ಏಳದಿದ್ದರೆ ಗೂಡಿನ ಕಿಟಕಿ ತೆರೆಯುವುದಿಲ್ಲ. ಇಷ್ಟೂ ತಿಳಿಯದಷ್ಟು ದಡ್ಡಿಯಲ್ಲ ಬೆರಿಲ್.

ನಟ್ಟನಡುವೆ ಎಂಜಿನ್ ಕೆಮ್ಮಿ ನಿಂತಿತು. ಪ್ರತಿ ಶನಿವಾರ ಅಲ್ಲೇ ನಿಲ್ಲುವುದು, ಅದೂ ಸುಡುವ ಮಟಮಟ ಮಧ್ಯಾಹ್ನ. ಲೈಲ್ ಟೋಪಿ ತೆಗೆದು ಮೇಲೆ ನೋಡುವುದೂ ಆಗಲೇ.

"ಕ್ಷಮಿಸಿ ಮೇಡಂ! ಮುದಿ ಎಂಜಿನ್ನು!"

"ಅವಸರ ಇಲ್ಲ, ಸಾವಕಾಶ ಮಾಡ್ಕೊಳ್ಳಿ!" ಎಂದು ಬೆರಿಲ್ ಕಿಟಕಿಯಿಂದ ಬಗ್ಗಿ ಕೂಗಿದಳು. ಕಾರಿನವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದರು.

ಗಂಡ ತೀರಿಕೊಂಡ ಮೇಲೆ ಯಾವ ಗಂಡಸೂ ಅವಳಿಗಾಗಿ ಟೋಪಿ ತೆಗೆದಿರಲಿಲ್ಲ. ಮಳೆ ಬಿದ್ದ ಶನಿವಾರ ಇವನು ಬಾರದಿದ್ದರೆ, ಜ್ವರವೇನೋ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಂತೂ ದಿನಕ್ಕೆರಡು ಸಲ ಬಂದ. ಪಾಪ, ಹಬ್ಬದ ದಿನಗಳಲ್ಲೇ ಅಲ್ಲವೇ ಒಂಟಿತನ ಹೆಚ್ಚು ಕಾಡುವುದು.

ಈಗ ಇಲಾಖೆಯವರು ಅವಳಿಗೆ ವರ್ಗಾವಣೆ ಕೊಡುತ್ತೇವೆ ಅಂದಿದ್ದರು. ಹೊಳೆಯ ಮೇಲ್ಭಾಗದಲ್ಲಿ, ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ಓಡಾಡುವ ಫೆರಿಯ ಕೆಲಸ. ಮಗಳು ಟೆಸ್ಸಾಳ ಮನೆಯ ಮಗ್ಗುಲಲ್ಲೇ. ಬರುತ್ತೀಯೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕು. ಬೇಡವೆಂದರೆ ಆ ಜಾಗ ಬೇರೆಯವರ ಪಾಲು. ಮತ್ತೆ ಸಿಗುವ ಮಾತಿಲ್ಲ.

"ಬಂದ್ಬಿಡಮ್ಮ," ಎಂದು ಟೆಸ್ಸಾ ಬೆಳಗ್ಗೆಯೂ ಫೋನಿನಲ್ಲಿ ಗೋಗರೆದಿದ್ದಳು. "ಆ ಗೂಡಲ್ಲಿ ಗೂಬೆ ಥರ ಯಾಕೆ ಕೂತಿರ್ತೀಯ? ಮೊಮ್ಮಗಳು ದಿನಾ ಕೇಳ್ತಾಳೆ."

ಊರಿನಲ್ಲಿ ಈ ವಿಷಯ ಬೆರಿಲ್ ಹೇಳಿದ್ದು ನೆರಿಡಾಳಿಗೆ ಮಾತ್ರ. ಸೇತುವೆಯ ಬುಡದ ಅತ್ತಿಮರದಡಿ ಕಾರಿನವರಿಗೆ ಬೇಯಿಸಿದ ಸಿಗಡಿ ಮಾರುವ ಹೆಂಗಸು ಅವಳು. ಬಾಯಿ ಚುರುಕು, ಕೈ ಇನ್ನೂ ಚುರುಕು. ಹೋದ ವಾರ ಊಟದ ಹೊತ್ತಿನಲ್ಲಿ ಕೇಳಿಸಿಕೊಂಡು ಮುಖ ಸಪ್ಪಗೆ ಮಾಡಿದ್ದಳು.

"ಹೋಗ್ಬಿಡ್ತೀರಾ ಅಕ್ಕಾ? ಹೊಸಬ ಬಂದ್ರೆ ಗಡಿಯಾರ ನೋಡ್ಕೊಂಡು ಸೇತುವೆ ಇಳಿಸ್ತಾನೆ. ನಿಮ್ಮ ಥರ ಕಾಯೋರು ಯಾರಿದಾರೆ?"

"ನಾನ್ಯಾರನ್ನೇ ಕಾದೆ?" ಬೆರಿಲ್ ಕೆಂಪಾದಳು.

"ಸಾಕು ಬಿಡಿ ಅಕ್ಕಾ, ನಂಗೊತ್ತಿಲ್ವಾ! ನೀವೂ ಬಾಯಿ ಬಿಡೋದು ಬೇಡ, ನಾವೂ ಬಿಡಲ್ಲ." ನೆರಿಡಾ ಕಣ್ಣು ಹೊಡೆದು ಪೊಟ್ಟಣಕ್ಕೆ ಇನ್ನೊಂದು ಹಿಡಿ ಸಿಗಡಿ ಸುರಿದಳು. ದುಡ್ಡು ಮುಟ್ಟಲಿಲ್ಲ. "ನಮ್ಮನೆಯವರು ಬೆಳಗ್ಗೆ ಹಿಡಿದದ್ದು. ತಿನ್ನಿ."

ದಡದವರಿಗೂ ಗೊತ್ತಾಗಿಹೋಗಿದೆ! ಅಂದು ರಾತ್ರಿ ಬೆರಿಲ್‌ಗೆ ನಾಚಿಕೆಯಲ್ಲೂ ಒಂದು ಹಿತವಿತ್ತು.

ಇಂದು ಬೆಳಗ್ಗೆ ಬೈಬಲ್ ಮುಚ್ಚಿ, ಹೊಳೆಯ ಮೇಲೆ ಹರಡಿದ ಬಿಸಿಲನ್ನೇ ನೋಡುತ್ತಾ ಬೇಡಿಕೊಂಡಿದ್ದಳು: ಕರ್ತನೇ, ಹೋಗಲೋ ಇರಲೋ, ಒಂದು ಗುರುತು ತೋರಿಸು.

ಈಗ ಕೆಳಗೆ ದೋಣಿಯ ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಲೈಲ್ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದ:

"ಮೇಡಂ! ನೀವು ಹೋಗ್ತೀರಂತೆ! ಹೋಗ್ಬೇಡಿ! ನೀವು ಹೋದ್ರೆ ನನ್ನ ಬಾಳು ಮುಳುಗಿದ ಹಾಗೆ!"

ಇದಕ್ಕಿಂತ ಸ್ಪಷ್ಟವಾಗಿ ದೇವರು ಇನ್ನೇನು ಹೇಳಿಯಾನು? ದೋಣಿ ದಾಟಿತು, ಸೇತುವೆ ಇಳಿಯಿತು, ಕಾರುಗಳು ಹರಿದವು. ಬೆರಿಲ್ ಇಲಾಖೆಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು. ಆಮೇಲೆ ಮಗಳಿಗೆ.

"ಯಾಕಮ್ಮಾ?" ಎಂದಳು ಟೆಸ್ಸಾ. "ಅಲ್ಲೇನಿದೆ ನಿಂಗೆ?"

"ಇಲ್ಲಿ ನಾನು ಬೇಕಾದವಳು ಕಣೇ. ಇನ್ನೊಂದು ಸಲ ಎಲ್ಲ ಹೇಳ್ತೀನಿ."

ಸಂಜೆ ಪಾಳಿ ಮುಗಿಸಿ, ನೀಲಿ ಫ್ರಾಕ್ ತೊಟ್ಟು, ಗೋಪುರದ ಮೆಟ್ಟಿಲಿಳಿದು ನೇರ ದೋಣಿಕಟ್ಟೆಗೆ ನಡೆದಳು. ಎದೆ ಹದಿನೆಂಟರ ಹುಡುಗಿಯದರಂತೆ ಹೊಡೆದುಕೊಳ್ಳುತ್ತಿತ್ತು. ಬಲೆ ಒಣಹಾಕುತ್ತಿದ್ದ ಲೈಲ್ ದಡಬಡನೆ ಎದ್ದು ಟೋಪಿ ತೆಗೆದ. ಹತ್ತಿರದಿಂದ ಅವನ ಕಣ್ಣುಗಳು ಇನ್ನೂ ಒಳ್ಳೆಯವಾಗಿ ಕಂಡವು.

"ಹೋಗಲ್ಲ," ಎಂದಳು ಬೆರಿಲ್, ತಲೆ ತಗ್ಗಿಸಿ. "ಬೇಡ ಅಂತ ಹೇಳ್ಬಿಟ್ಟೆ. ಇಲ್ಲೇ ಇರ್ತೀನಿ."

ಲೈಲ್ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿದ. ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿದ. ಆಮೇಲೆ ಅತ್ತಿಮರದ ಕಡೆ ತಿರುಗಿ, ಆನಂದ ತಡೆಯಲಾರದೆ ಕೂಗಿದ:

"ಲೇ ನೆರಿಡಾ, ಮೇಡಂ ಹೋಗಲ್ವಂತೆ ಕಣೇ! ಮುಂದಿನ ಶನಿವಾರಕ್ಕೆ ಇನ್ನೆರಡು ಬುಟ್ಟಿ ಸಿಗಡಿ ಜಾಸ್ತಿ ಬೇಯಿಸು, ಕಾರು ನಿಲ್ಲಿಸೋ ಕೆಲಸ ನಂಗಿರ್ಲಿ!"